ಗಲ್ಲಾದರೆ ಹೊಟ್ಟೆ ತಣ್ಣಗಾಗುತ್ತದೆಯೇ? ಮನೆಯವರನ್ನು ಕಳೆದುಕೊಂಡವರನ್ನೇ ಕೇಳುತ್ತಿದ್ದೇನೆ

ಇಳಕಲ್ ಸೆರಗು (ಸೋಮವಾರ, ರಾತ್ರಿ 9:40)

ನಾನು ಬಾಗಲಕೋಟೆ ಜಿಲ್ಲೆಯವಳು. ಊರಿನ ಹೆಸರು ಬೇಡ. 2015ರ ಶ್ರಾವಣದಲ್ಲಿ ನನ್ನ ಅಕ್ಕನನ್ನೂ ಅವಳ ಅತ್ತೆಯನ್ನೂ ಅವರ ಮನೆಯಲ್ಲಿಯೇ ಕೊಂದು ಬಂಗಾರ ಒಯ್ದರು. ಕೊಂದವನು ಹೊರಗಿನವನಲ್ಲ. ಅವರ ಹೊಲದಲ್ಲಿ ಎರಡು ವರ್ಷ ದುಡಿದವನು. ಅವನ ಬುತ್ತಿಯನ್ನು ದಿನಾ ಅಕ್ಕನೇ ಕಟ್ಟಿಕೊಡುತ್ತಿದ್ದಳು.

ಐದು ವರ್ಷಕ್ಕೆ ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿತು. ಆ ದಿನ ಊರವರೆಲ್ಲ ಬಂದು ಅಪ್ಪನ ಕೈ ಹಿಡಿದು "ಗೆದ್ದಿರಿ" ಎಂದರು. ಹೋದ ದೀಪಾವಳಿಯ ಮುಂಚೆ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು. ಆ ದಿನ ಯಾರೂ ಬರಲಿಲ್ಲ.

ಈಗ ದೊಡ್ಡಪ್ಪನ ಮಗ ಪಟ್ಟು ಹಿಡಿದಿದ್ದಾನೆ. ಸುಪ್ರೀಂ ಕೋರ್ಟಿಗೆ ಹೋಗೋಣ, ಖರ್ಚನ್ನು ಬಂಧುಗಳೆಲ್ಲ ಹಂಚಿಕೊಳ್ಳೋಣ, ಅವನು ನೇಣಿಗೇರುವ ತನಕ ಅಕ್ಕನ ಆತ್ಮಕ್ಕೆ ಶಾಂತಿಯಿಲ್ಲ ಎನ್ನುತ್ತಾನೆ. ಅಪ್ಪ ಪ್ರತಿ ತಾರೀಖನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಇಟ್ಟಿದ್ದಾರೆ. ಹಳೆಯ ಕ್ಯಾಲೆಂಡರುಗಳನ್ನೆಲ್ಲ ಸುತಳಿಯಿಂದ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದಾರೆ, ಎಸೆಯಲು ಬಿಡುವುದಿಲ್ಲ. ಅವ್ವ ಮಾತ್ರ ಗಲ್ಲು ಬೇಕು ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಅವಳು ಕೇಳುವುದು ಒಂದೇ ಮಾತು: "ಆ ಬೋರಮಾಳ ಸರ ಯಾವಾಗ ಕೊಡುತ್ತಾರೆ?" ತನ್ನ ಸರವನ್ನು ಒಡೆಸಿ ಅಕ್ಕನ ಮದುವೆಗೆ ಮಾಡಿಸಿದ್ದು ಅದು. ಆರೋಪಿಯ ಕಡೆಯಿಂದ ಸಿಕ್ಕಿತು, ಅಂದಿನಿಂದ ಮುದ್ದೆಮಾಲು, ಅಂದರೆ ಪ್ರಕರಣದಲ್ಲಿ ಜಪ್ತಿಯಾದ ವಸ್ತು ಎಂದು ನ್ಯಾಯಾಲಯದಲ್ಲಿದೆ. ಮೇಲ್ಮನವಿ ಅವಧಿ ಮುಗಿದ ಮೇಲೆ ವಾರಸುದಾರರಿಗೆ ಎಂದು ತೀರ್ಪಿನಲ್ಲಿದೆಯಂತೆ.

ನನ್ನ ಪ್ರಶ್ನೆ ಕಾನೂನಿನದಲ್ಲ. ನಿಮ್ಮ ಮನೆಯಲ್ಲಿ ಇಂಥದ್ದು ನಡೆದಿದ್ದರೆ ಹೇಳಿ. ಕೊಂದವನು ಸತ್ತರೆ ಎದೆಯೊಳಗಿನ ಕಿಚ್ಚು ಆರುತ್ತದೆಯೇ?

ಮುಧೋಳದವನು

ಆರುತ್ತದೆ. ಎರಡು ಜೀವ ತೆಗೆದವನು, ಅದೂ ಉಂಡ ಮನೆಗೆ ಎರಡು ಬಗೆದವನು, ಸರಕಾರದ ಅನ್ನ ತಿಂದು ಬದುಕಿರಬಾರದು. ಸುಪ್ರೀಂ ಕೋರ್ಟಿಗೆ ಹೋಗಿ ಅಕ್ಕಾ. ನಿಮ್ಮ ಅಣ್ಣ ಹೇಳುವುದು ಸರಿ.

ಗೋಕಾಕ ಮೇಷ್ಟ್ರು

ಮುಧೋಳದ ತಮ್ಮಾ, ಅವರು ಕೇಳಿದ್ದು ಅನುಭವಿಸಿದವರನ್ನು. ನಿಮ್ಮ ಮನೆಯಲ್ಲಿ ಆಗಿದೆಯೇ? ಇಲ್ಲದಿದ್ದರೆ ಸ್ವಲ್ಪ ಸುಮ್ಮನಿರೋಣ, ನಾನೂ ಸೇರಿ.

ಮುಧೋಳದವನು

ಸುಮ್ಮನಿದ್ದವರಿಂದಲೇ ದೇಶ ಹೀಗಾಗಿದೆ ಗುರುಗಳೇ.

ವಕೀಲಿ ಕೋಟು (ಬೆಳಗಾವಿ)

ತಂಗಿ, ಕಾನೂನಿನ ಪ್ರಶ್ನೆಯಲ್ಲ ಎಂದಿರಿ, ಆದರೂ ನಿಮ್ಮ ಅಣ್ಣನಿಗೆ ಗೊತ್ತಿರಬೇಕಾದ ಕೆಲವು ಸಂಗತಿಗಳಿವೆ.

ಸೆಷನ್ಸ್ ನ್ಯಾಯಾಲಯದ ಗಲ್ಲು ತಾನಾಗಿ ಜಾರಿಯಾಗುವುದಿಲ್ಲ, ಹೈಕೋರ್ಟ್ ಅದನ್ನು ಕಾಯಂ ಮಾಡಬೇಕು. 1980ರ ಬಚನ್ ಸಿಂಗ್ ತೀರ್ಪಿನಿಂದ ಈಚೆಗೆ "ಅಪರೂಪದಲ್ಲಿ ಅಪರೂಪ" ಎನ್ನುವ ಪ್ರಕರಣಕ್ಕಷ್ಟೇ ಮರಣದಂಡನೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2000ದಿಂದ 2015ರವರೆಗೆ ಕೆಳಗಿನ ನ್ಯಾಯಾಲಯಗಳು ಕೊಟ್ಟ ಗಲ್ಲುಗಳಲ್ಲಿ ಕೊನೆಯವರೆಗೆ ಉಳಿದದ್ದು ನೂರಕ್ಕೆ ಐದಕ್ಕಿಂತ ಕಡಿಮೆ. ಮೊದಲ ದಿನ ಊರವರು "ಗೆದ್ದಿರಿ" ಎಂದು ಕೈ ಹಿಡಿಯುವಾಗ ಇದನ್ನು ಯಾರೂ ಹೇಳುವುದಿಲ್ಲ. ನಮ್ಮ ವೃತ್ತಿಯವರೂ ಹೇಳುವುದಿಲ್ಲ. ಅದು ನಮ್ಮ ತಪ್ಪು.

ಎರಡನೆಯದು, ಆರೋಪಿ ಖುಲಾಸೆಯಾದರೆ ನೊಂದವರ ಕಡೆಯವರು ಮೇಲ್ಮನವಿ ಹಾಕಬಹುದು. ಶಿಕ್ಷೆ ಸಾಲದು ಎಂದು ಮೇಲ್ಮನವಿ ಹಾಕುವ ಹಕ್ಕು ಇರುವುದು ಸರಕಾರಕ್ಕೆ. ನೀವು ಸುಪ್ರೀಂ ಕೋರ್ಟಿನಲ್ಲಿ ವಿಶೇಷ ಅನುಮತಿ ಕೇಳಬಹುದಷ್ಟೇ. ಅದಕ್ಕಿರುವ 90 ದಿನ ಮುಗಿದಿದ್ದರೆ ವಿಳಂಬಕ್ಕೆ ಕಾರಣವನ್ನೂ ಹೇಳಬೇಕು.

ಒಂದು ಕೆಲಸ ಮಾಡಿ. ಹೈಕೋರ್ಟ್ ತೀರ್ಪಿನ ಕೊನೆಯ ಎರಡು ಪುಟ ಓದಿ. ಬರೀ ಜೀವಾವಧಿ ಎಂದಿದೆಯೋ, ಅದರ ಮುಂದೆ ಇನ್ನೇನಾದರೂ ಇದೆಯೋ ತಿಳಿಸಿ.

ತಿಕೋಟಾ ದ್ರಾಕ್ಷಿ

ನಾನು ಅನುಭವಿಸಿದವನು. 2006ರಲ್ಲಿ ನನ್ನ ಮಗಳನ್ನು ಕೊಂದರು. ಅವಳಿಗೆ ಹತ್ತೊಂಬತ್ತು.

ಅವನಿಗೆ ಜೀವಾವಧಿಯಾಯಿತು. ಗಲ್ಲು ಕೇಳಲು ನಮಗೆ ತಿಳಿವಳಿಕೆಯೂ ಇರಲಿಲ್ಲ, ಹಣವೂ ಇರಲಿಲ್ಲ. ಜೀವಾವಧಿ ಎಂದರೆ ಜೀವ ಇರುವ ತನಕ ಎಂದು ತಿಳಿದು ಮನೆಗೆ ಬಂದೆವು. ಕೆಲವು ವರ್ಷಗಳ ಮೇಲೆ ಸಂಕ್ರಮಣದ ಸಮಯದಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋಗಿದ್ದೆ. ಬೆಂಡು ಬತ್ತಾಸಿನ ಅಂಗಡಿಯ ಮುಂದೆ ಅವನು ನಿಂತಿದ್ದ. ಪೆರೋಲ್ ಮೇಲೆ ಬಂದಿದ್ದನಂತೆ. ಅಂಗಡಿಯವನು ತೂಗಿದ್ದು ಕಡಿಮೆಯಾಯಿತು ಎಂದು ವಾದ ಮಾಡುತ್ತಿದ್ದ. ಕಾಲು ಕಿಲೋ ಬತ್ತಾಸಿಗೆ ನ್ಯಾಯ ಕೇಳುತ್ತಿದ್ದ.

ನನ್ನ ಕೈಯಲ್ಲಿ ಹೊಸದಾಗಿ ಕೊಂಡ ಹಗ್ಗವಿತ್ತು, ಎತ್ತಿಗೆಂದು ಕೊಂಡದ್ದು. ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಹಿರಿಯ ಮಗ ಬಂದು ತೋಳು ಹಿಡಿದು ಎಳೆದುಕೊಂಡು ಹೋದ.

ಆದ್ದರಿಂದ ಗಲ್ಲು ಬೇಡ ಎಂದು ಹೇಳುವವರ ಮಾತು ನನಗೆ ಹಿಡಿಸುವುದಿಲ್ಲ. ಶಾಂತಿ ಸಿಗುತ್ತದೆಯೋ ಇಲ್ಲವೋ ನಾನರಿಯೆ. ಅವನು ಇಲ್ಲವಾದರೆ ನಾನು ಜಾತ್ರೆಗೆ ಹೋಗಬಹುದು. ನನಗೆ ಬೇಕಾದದ್ದು ಅಷ್ಟೇ. ಆ ವರ್ಷದಿಂದ ನಾನು ಜಾತ್ರೆಗೆ ಹೋಗಿಲ್ಲ.

ಮುಧೋಳದವನು

ಕಾಕಾ, ನಿಮ್ಮ ಮಾತಿನ ಮುಂದೆ ನನ್ನದೇನೂ ಇಲ್ಲ.

ರಾತ್ರಿಪಾಳಿ

ನಾನು ಆಸ್ಪತ್ರೆಯಲ್ಲಿ ನರ್ಸ್. ಕಾಕಾ ಹೇಳಿದ್ದು ಓದಿ ಎದ್ದು ಹೋಗಿ ನೀರು ಕುಡಿದು ಬಂದೆ. ಆದರೂ ಕೇಳುತ್ತೇನೆ, ಬೈಯಬೇಡಿ. ನಿಮಗೆ ಬೇಕಾದದ್ದು ಅವನು ಎದುರಿಗೆ ಬರಬಾರದು ಎನ್ನುವುದು. ಅದು ಗಲ್ಲಿನಿಂದ ಮಾತ್ರ ಆಗುವ ಕೆಲಸವೇ?

ತಿಕೋಟಾ ದ್ರಾಕ್ಷಿ

ಬೇರೆ ದಾರಿ ಇದ್ದರೆ ಆಗ ನಮಗೆ ಯಾರೂ ಹೇಳಲಿಲ್ಲ ತಾಯಿ.

ಹಿಂಡಲಗಾ ಕ್ರಾಸ್

ನಮ್ಮ ಮನೆಯಿಂದ ಬೆಳಗಾವಿಯ ಹಿಂಡಲಗಾ ಜೈಲು ನಡೆದು ಹೋಗುವಷ್ಟು ದೂರ. ಅಲ್ಲಿ ಕೊನೆಯ ಗಲ್ಲು ಆದದ್ದು 1983ರಲ್ಲಿ. ಇಂದಿಗೂ ಗಲ್ಲಿನ ಸುದ್ದಿ ಬಂದಾಗಲೆಲ್ಲ ನಮ್ಮೂರಿನ ಹೆಸರೇ ಪತ್ರಿಕೆಯಲ್ಲಿ ಬರುತ್ತದೆ.

2013ರ ಫೆಬ್ರುವರಿಯನ್ನು ಮರೆಯಲಾರೆ. ಪಾಲಾರ್ ನೆಲಬಾಂಬ್ ಪ್ರಕರಣದಲ್ಲಿ ವೀರಪ್ಪನ್‌ನ ನಾಲ್ವರು ಸಹಚರರು ಇಲ್ಲಿಯೇ ಇದ್ದರು. ರಾಷ್ಟ್ರಪತಿಗಳು ಕ್ಷಮಾದಾನದ ಅರ್ಜಿ ತಿರಸ್ಕರಿಸಿದ್ದರು. ಇಂದು ಬೆಳಗ್ಗೆ, ನಾಳೆ ಬೆಳಗ್ಗೆ ಎಂದು ಮಾತೇ ಮಾತು. ಅಷ್ಟರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2014ರ ಜನವರಿ 21ರಂದು ಅವರದೂ ಸೇರಿ 15 ಜನರ ಗಲ್ಲು ಜೀವಾವಧಿಯಾಯಿತು. ಅರ್ಜಿಗಳನ್ನು ವರ್ಷಗಟ್ಟಲೆ ಇಟ್ಟುಕೊಂಡು ಕೂತದ್ದು ಮುಖ್ಯ ಕಾರಣ. ಈ ನಾಲ್ವರದು ಒಂಬತ್ತು ವರ್ಷ ಬಾಕಿ ಇತ್ತು.

ಪಾಲಾರ್‌ನಲ್ಲಿ 22 ಜನ ಸತ್ತದ್ದು 1993ರ ಏಪ್ರಿಲಿನಲ್ಲಿ. ಭಯೋತ್ಪಾದನೆ ಪ್ರಕರಣಗಳ ಟಾಡಾ ನ್ಯಾಯಾಲಯ 2001ರಲ್ಲಿ ಜೀವಾವಧಿ ಕೊಟ್ಟಿತ್ತು, 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲಿಗೆ ಏರಿಸಿತು, 2014ರಲ್ಲಿ ಮತ್ತೆ ಜೀವಾವಧಿ. ಆ 22 ಮನೆಗಳ ಹೆಂಡಂದಿರು ಮಕ್ಕಳು ಇದನ್ನು ಹೇಗೆ ತಡೆದುಕೊಂಡರು ಎಂದು ನಾನು ಯೋಚಿಸುತ್ತೇನೆ. ಟಿವಿಯವರು ಜೈಲಿನ ಹಗ್ಗದ ಬಗ್ಗೆ ತಾಸುಗಟ್ಟಲೆ ಮಾತಾಡಿದರು. ಆ ಮನೆಗಳ ಬಗ್ಗೆ ಎಷ್ಟು ಮಾತಾಡಿದರು?

ಇಂಡಿ ನಿಂಬೆ

ಎಲ್ಲರೂ ನ್ಯಾಯಾಲಯದ ಮಾತು ಆಡುತ್ತಿದ್ದೀರಿ. ಭೀಮಾ ತೀರದವನಾಗಿ ನಾನು ಬೇರೆ ಮಾತು ಹೇಳಬೇಕು. ನಮ್ಮ ಕಡೆ ಸೇಡು ಎನ್ನುವುದು ಹೊಲ ಮನೆಯ ಹಾಗೆ ತಂದೆಯಿಂದ ಮಗನಿಗೆ ಬಂದದ್ದನ್ನು ಕಂಡಿದ್ದೇವೆ. ಇವನು ಅವನನ್ನು, ಅವನ ಮಗ ಇವನನ್ನು, ಇವನ ತಮ್ಮ ಮತ್ತೊಬ್ಬನನ್ನು. ಸರಕಾರ ಸರಿಯಾಗಿ ಶಿಕ್ಷೆ ಕೊಡದಿದ್ದರೆ ಹುಡುಗರು ತಾವೇ ಮಚ್ಚು ಹಿಡಿಯುತ್ತಾರೆ. ಹಾಗಾಗಿ ಗಲ್ಲು ಬೇಕು ಎಂದು ಬಹಳ ವರ್ಷ ನಂಬಿದ್ದೆ.

ಈಗ ಅಷ್ಟು ಖಚಿತವಿಲ್ಲ. ಸೇಡು ತೀರಿಸಿಕೊಂಡ ಒಬ್ಬರ ಮನೆ ನಮ್ಮ ಓಣಿಯಲ್ಲಿಯೇ ಇತ್ತು. ತಂದೆಯನ್ನು ಕೊಂದವನನ್ನು ಮಗ ಕೊಂದ. ಅವನ ತಾಯಿಯ ಹೊಟ್ಟೆ ತಣ್ಣಗಾಯಿತೇ? ಸಂಜೆ ಆರಕ್ಕೆ ಬಾಗಿಲು ಹಾಕಿ ಒಳಗಿನಿಂದ ಅಗುಳಿ ಜಡಿಯುತ್ತಿದ್ದಳು. ಬೇಸಿಗೆಯಲ್ಲಿಯೂ ಅಂಗಳದಲ್ಲಿ ಮಲಗಲಿಲ್ಲ. ಗಂಡನನ್ನು ಕಳೆದುಕೊಂಡಾಗ ಅತ್ತಿದ್ದಳು, ಸೇಡು ತೀರಿದ ಮೇಲೆ ಹೆದರಿಕೆಯೂ ಕೂಡಿತು.

ಮುಧೋಳದವನು

ಸೇಡಿಗೂ ಗಲ್ಲಿಗೂ ಹೋಲಿಕೆ ಮಾಡಬೇಡಿ. ಒಂದು ಕಾನೂನು, ಇನ್ನೊಂದು ಅಪರಾಧ.

ಇನ್ನೊಂದು ಮಾತು. ದೆಹಲಿಯ ನಿರ್ಭಯಾ ಪ್ರಕರಣದಲ್ಲಿ 2020ರ ಮಾರ್ಚ್ 20ರ ಬೆಳಗ್ಗೆ ನಾಲ್ವರನ್ನು ಗಲ್ಲಿಗೇರಿಸಿದಾಗ ಆ ತಾಯಿ ಮಗಳ ಫೋಟೋ ಅಪ್ಪಿಕೊಂಡೆ ಎಂದರು, ನ್ಯಾಯ ಸಿಕ್ಕಿತು ಎಂದರು. ಅದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಅವರ ಸಮಾಧಾನ ಸುಳ್ಳು ಎಂದು ಹೇಳುವ ಧೈರ್ಯ ಯಾರಿಗಿದೆ?

ರಾತ್ರಿಪಾಳಿ

ಸುಳ್ಳಲ್ಲ. ಅದನ್ನು ಅಲ್ಲಗಳೆಯುವವರು ತಾಯಿಯ ಮನಸ್ಸು ಅರಿಯದವರು. ಆದರೆ ಅಲ್ಲಿಗೆ ಮುಟ್ಟಲು ಆಕೆ ದಾಟಿದ್ದೇನು ನೋಡಿ ಅಣ್ಣ. ಘಟನೆ 2012ರ ಡಿಸೆಂಬರ್. ಏಳು ವರ್ಷ ಮೂರು ತಿಂಗಳು. ಇಡೀ ದೇಶ ಬೆನ್ನಿಗಿತ್ತು, ವಿಚಾರಣೆಯೂ ತ್ವರಿತವಾಗಿ ನಡೆಯಿತು, ಆದರೂ ಇಷ್ಟು. ಕೊನೆಯ ಮೂರು ತಿಂಗಳಲ್ಲಿ ನಾಲ್ಕು ಬಾರಿ ದಿನ ಗೊತ್ತು ಮಾಡಿದರು: ಜನವರಿ 22, ಫೆಬ್ರುವರಿ 1, ಮಾರ್ಚ್ 3, ಕೊನೆಗೆ ಮಾರ್ಚ್ 20. ಮೂರು ಬಾರಿ ಆ ತಾಯಿ ಮನಸ್ಸು ಗಟ್ಟಿ ಮಾಡಿಕೊಂಡು ಮೂರು ಬಾರಿ ಕುಸಿದಿರಬೇಕು. ಅಂದಿನಿಂದ ಇಂದಿನವರೆಗೆ ದೇಶದಲ್ಲಿ ಇನ್ನೊಂದು ಗಲ್ಲು ಆಗಿಲ್ಲ.

ಇಳಕಲ್ ಅಕ್ಕನ ಮನೆಗೆ ಟಿವಿ ಬರುವುದಿಲ್ಲ, ಮೇಣದಬತ್ತಿ ಹಿಡಿದು ಯಾರೂ ಬರುವುದಿಲ್ಲ. ಅವರ ಅಪ್ಪ ಒಬ್ಬರೇ ಬಸ್ಸು ಹತ್ತಬೇಕು.

ಗೋಕಾಕ ಮೇಷ್ಟ್ರು

2003ರಲ್ಲಿ ಮಹಾರಾಷ್ಟ್ರದ ನಾಸಿಕ್ ಕಡೆ ಒಂದು ಕುಟುಂಬದ ಮೇಲೆ ದಾಳಿ ನಡೆದು ಐದು ಜನ ಸತ್ತರು. ಆರು ಮಂದಿಯ ಮೇಲೆ ಆರೋಪ. 2009ರಲ್ಲಿ ಸುಪ್ರೀಂ ಕೋರ್ಟ್ ಆರೂ ಜನರಿಗೆ ಗಲ್ಲು ಎಂದಿತು. 2019ರಲ್ಲಿ ಅದೇ ಸುಪ್ರೀಂ ಕೋರ್ಟ್ ಆರೂ ಜನರನ್ನು ನಿರಪರಾಧಿಗಳೆಂದು ಬಿಟ್ಟು, ತಲಾ ಐದು ಲಕ್ಷ ಪರಿಹಾರ ಕೊಡಿಸಿತು. ಹದಿನಾರು ವರ್ಷ ಅವರು ಒಳಗಿದ್ದರು. ಸತ್ತವರ ಮನೆಯವರು ಅಷ್ಟೂ ವರ್ಷ ಇವರನ್ನೇ ಶಪಿಸಿಕೊಂಡು ಬದುಕಿದರು. ಈಗ ಯಾರನ್ನು ಶಪಿಸಬೇಕು?

ಅಮೆರಿಕದಲ್ಲಿ ಒಂದು ಅಧ್ಯಯನವಾಗಿದೆ, 2012ರಲ್ಲಿ ಪ್ರಕಟವಾಯಿತು. ಮರಣದಂಡನೆ ಇರುವ ಟೆಕ್ಸಾಸ್, ಮರಣದಂಡನೆ ಇಲ್ಲದೆ ಸಾಯುವ ತನಕ ಜೈಲು ಇರುವ ಮಿನೆಸೋಟ, ಎರಡೂ ಕಡೆ ಕೊಲೆಯಾದವರ ಮನೆಯವರನ್ನು ಮಾತಾಡಿಸಿದರು. ಮಿನೆಸೋಟದವರ ದೇಹಸ್ಥಿತಿ ಮನಃಸ್ಥಿತಿ ಎರಡೂ ಮೇಲಿದ್ದವು. ಮೇಲ್ಮನವಿಗಳು ಬೇಗ ಮುಗಿದು, ಪ್ರಕರಣ ತಮ್ಮ ಕೈಮೀರಿ ಹೋಗಿಲ್ಲ ಎಂಬ ಭಾವನೆ ಅವರಿಗಿತ್ತು.

ಮುಧೋಳದವನು

ಗುರುಗಳೇ, ಅಮೆರಿಕದವರ ಮನಸ್ಸನ್ನು ನಮ್ಮ ಅವ್ವಂದಿರಿಗೆ ತೊಡಿಸಬೇಡಿ. ಅವರ ಜೈಲು ಬೇರೆ, ನಮ್ಮ ಜೈಲು ಬೇರೆ. ಕಾಕಾ ಹೇಳಿದ್ದು ಓದಿದಿರಲ್ಲ, ಇಲ್ಲಿ ಜೀವಾವಧಿಯವನು ಜಾತ್ರೆಯಲ್ಲಿ ಬತ್ತಾಸು ಕೊಳ್ಳುತ್ತಾನೆ.

ಗೋಕಾಕ ಮೇಷ್ಟ್ರು

ಅದನ್ನು ಒಪ್ಪುತ್ತೇನೆ. ನಿಮ್ಮ ಮಾತಿನಲ್ಲಿ ಇದು ಗಟ್ಟಿಯಾದದ್ದು.

ಪತ್ತಾರ ಓಣಿ

ಚರ್ಚೆಯ ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಾನು ಪತ್ತಾರಿಕೆ ಮಾಡುವವನು. ಬೋರಮಾಳ ಸರ ಎಂದಿರಿ. ಹಳೆಯ ಬೋರಮಾಳವಾದರೆ ಗುಂಡುಗಳು ಗಟ್ಟಿ ಬಂಗಾರವಲ್ಲ, ಒಳಗೆ ಅರಗು, ಮೇಲೆ ತೆಳು ಬಂಗಾರದ ತಗಡು. ಹತ್ತು ವರ್ಷ ಪೊಟ್ಟಣದಲ್ಲಿ ಬಿಗಿಯಾಗಿ ಕಟ್ಟಿ ಇಟ್ಟಿದ್ದರೆ ಗುಂಡುಗಳು ತಗ್ಗು ಬಿದ್ದಿರಬಹುದು, ಪೋಣಿಸಿದ ದಾರವೂ ಸವೆದಿರುತ್ತದೆ. ಕೈಗೆ ಬಂದ ಕೂಡಲೇ ಎಳೆಯಬೇಡಿ, ಕೊರಳಿಗೆ ಹಾಕಬೇಡಿ. ಬಿಳಿ ಬಟ್ಟೆಯ ಮೇಲೆ ಇಟ್ಟು ಗುಂಡು ಎಣಿಸಿಕೊಳ್ಳಿ. ಪಂಚನಾಮೆಯಲ್ಲಿ ಎಷ್ಟು ಎಂದು ಬರೆದಿರುತ್ತಾರೆ.

ಇಳಕಲ್ ಸೆರಗು (ಮಂಗಳವಾರ, ರಾತ್ರಿ 10:15)

ಎಲ್ಲವನ್ನೂ ಎರಡೆರಡು ಸಲ ಓದಿದೆ. ಕಾಕಾ, ನಿಮ್ಮದನ್ನು ಅವ್ವನಿಗೂ ಓದಿ ಹೇಳಿದೆ. "ಆ ಯಜಮಾನರಿಗೆ ಶರಣು ಹೇಳು" ಎಂದಳು.

ವಕೀಲರೇ, ತೀರ್ಪು ಇಂಗ್ಲಿಷಿನಲ್ಲಿದೆ. ನಾವು ಯಾರೂ ಇದುವರೆಗೆ ಓದಿರಲಿಲ್ಲ. ಜೀವಾವಧಿ ಎಂದು ಫೋನಿನಲ್ಲಿ ತಿಳಿಸಿದರು, ಅಪ್ಪ ಫೋನು ಇಟ್ಟುಬಿಟ್ಟರು, ಅಷ್ಟೇ. ಅಕ್ಕನ ಮಗಳು ಈಗ ಪಿಯುಸಿ ಮುಗಿಸಿದ್ದಾಳೆ, ಆಗ ಎಂಟು ವರ್ಷದವಳು. ಇಂದು ಸಂಜೆ ಅವಳೇ ಕೂತು ಓದಿದಳು. ಕೊನೆಯಲ್ಲಿ "30 ವರ್ಷ ಪೂರ್ಣಗೊಳ್ಳುವ ತನಕ ಯಾವುದೇ ಶಿಕ್ಷೆ ಕಡಿತವಿಲ್ಲ" ಎಂಬ ಅರ್ಥದ ಸಾಲಿದೆ ಎಂದಳು. ಇದರ ಅರ್ಥವೇನು? 14 ವರ್ಷಕ್ಕೆ ಬಿಡುತ್ತಾರೆ ಎಂದು ಅಣ್ಣ ಹೇಳುತ್ತಿದ್ದ. ಅಪ್ಪ ಇದೇ ಹೆದರಿಕೆಯಲ್ಲಿ ಇದ್ದರು.

ವಕೀಲಿ ಕೋಟು

ಇದನ್ನೇ ನಾನು ಅಂದುಕೊಂಡಿದ್ದೆ. 14 ವರ್ಷಕ್ಕೆ ತಾನಾಗಿ ಬಿಡುಗಡೆ ಎನ್ನುವುದು ತಪ್ಪು ತಿಳಿವಳಿಕೆ. ಕೊಲೆಯಂಥ ಅಪರಾಧಕ್ಕೆ ಜೀವಾವಧಿಯಾದವರನ್ನು 14 ವರ್ಷಕ್ಕಿಂತ ಮುಂಚೆ ಸರಕಾರ ಬಿಡುವಂತಿಲ್ಲ ಎಂಬುದು ಕಾನೂನು. ಜನ ಅದನ್ನು ತಿರುಗಿಸಿ ಹೇಳುತ್ತಾರೆ.

2008ರಲ್ಲಿ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ, ಅದು ನಮ್ಮ ಕರ್ನಾಟಕದ್ದೇ, ಸುಪ್ರೀಂ ಕೋರ್ಟ್ ಗಲ್ಲಿಗೂ ಸಾಮಾನ್ಯ ಜೀವಾವಧಿಗೂ ನಡುವೆ ಒಂದು ದಾರಿ ಮಾಡಿತು. ಇಂತಿಷ್ಟು ವರ್ಷ ಅಥವಾ ಸಾಯುವ ತನಕ ಶಿಕ್ಷೆ ಕಡಿತವಿಲ್ಲ ಎಂದು ನ್ಯಾಯಾಲಯವೇ ಹೇಳಬಹುದು. ಹಾಗೆ ಹೇಳುವ ಅಧಿಕಾರ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಮಾತ್ರ ಎಂದು 2015ರಲ್ಲಿ ಸಂವಿಧಾನ ಪೀಠ ಖಚಿತಪಡಿಸಿತು. ನಿಮ್ಮ ಪ್ರಕರಣದಲ್ಲಿ ಆದದ್ದು ಇದೇ. ಹಿಂಡಲಗಾದಲ್ಲಿ ಹತ್ತು ವರ್ಷ ಒಂಟಿಯಾಗಿ ಇರಿಸಿದ್ದು ಕಾನೂನುಬಾಹಿರ ಎಂದು 2022ರ ನವೆಂಬರಿನಲ್ಲಿ, ಬೆಂಗಳೂರಿನಲ್ಲಿ ಒಬ್ಬ ತಾಯಿಯನ್ನು ಕೊಂದ ಉಮೇಶ್ ರೆಡ್ಡಿಯ ಗಲ್ಲನ್ನು ತೆಗೆದಾಗಲೂ ಸುಪ್ರೀಂ ಕೋರ್ಟ್ ಕನಿಷ್ಠ 30 ವರ್ಷ ಎಂದೇ ಬರೆಯಿತು. ಆ ಕೊಲೆ ನಡೆದದ್ದು 1998ರಲ್ಲಿ. ಸತ್ತ ತಾಯಿಯ ಸಣ್ಣ ಮಗ ಅದರಲ್ಲಿ ಸಾಕ್ಷಿ. ತಾಯಿಯ ಪ್ರಕರಣ ಮುಗಿಯುವಷ್ಟರಲ್ಲಿ ಆ ಮಗು ಎಷ್ಟು ದೊಡ್ಡವನಾಗಿರಬೇಕು, ಲೆಕ್ಕ ಹಾಕಿ.

ಇನ್ನು ಬೋರಮಾಳ. ಬೆಲೆಬಾಳುವ ವಸ್ತುಗಳನ್ನು ಅಗತ್ಯಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳಬಾರದು, ಪಂಚನಾಮೆ ಬರೆದು ಫೋಟೋ ತೆಗೆದು ಮುಚ್ಚಳಿಕೆಯ ಮೇಲೆ ವಾರಸುದಾರರಿಗೆ ಕೊಡಬೇಕು ಎಂದು 2002ರಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲ ದಿನವೇ ಯಾರಾದರೂ ಅರ್ಜಿ ಹಾಕಿಸಬೇಕಿತ್ತು. ಈಗಲೂ ತಡವಾಗಿಲ್ಲ. ಸರಕಾರ ಮೇಲ್ಮನವಿ ಹಾಕಿಲ್ಲ ಎಂದು ಖಚಿತಪಡಿಸಿಕೊಂಡು ಸೆಷನ್ಸ್ ನ್ಯಾಯಾಲಯಕ್ಕೆ ಅರ್ಜಿ ಕೊಡಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಿ, ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಇದೆ. ಆ ಹುಡುಗಿಗೆ ಪರಿಹಾರ ಸಿಕ್ಕಿದೆಯೇ? ರಾಜ್ಯದಲ್ಲಿ 2011ರಿಂದ ಸಂತ್ರಸ್ತರ ಪರಿಹಾರ ಯೋಜನೆ ಇದೆ. ಅದನ್ನೂ ಅಲ್ಲಿಯೇ ವಿಚಾರಿಸಿ.

ಹಿಂಡಲಗಾ ಕ್ರಾಸ್

ಹತ್ತು ವರ್ಷ ನ್ಯಾಯಾಲಯದ ಕಟ್ಟೆ ಹತ್ತಿದವರಿಗೆ ತೀರ್ಪಿನ ಕೊನೆಯ ಸಾಲನ್ನು ಕನ್ನಡದಲ್ಲಿ ಓದಿ ಹೇಳುವವರು ಒಬ್ಬರೂ ಇರಲಿಲ್ಲವೇ! ನನಗೆ ಸಿಟ್ಟು ಬರುತ್ತಿದೆ.

ಮುಧೋಳದವನು

ನನಗೂ. 30 ವರ್ಷ ಎಂದು ನನಗೂ ಗೊತ್ತಿರಲಿಲ್ಲ. ಆದರೂ ನಾನು ಗಲ್ಲಿನ ಪರವೇ, ಅದನ್ನು ಬಿಡುವುದಿಲ್ಲ. ಆದರೆ ಅಕ್ಕಾ, ನಿಮಗೆ ಸುಪ್ರೀಂ ಕೋರ್ಟಿಗೆ ಹೋಗಿ ಎಂದು ಮೊದಲ ಸಾಲಿನಲ್ಲಿಯೇ ಹೇಳಿದೆನಲ್ಲ, ಆ ಮಾತನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಅದು ನಿಮ್ಮ ಮನೆಯವರು ನಿರ್ಧರಿಸುವುದು.

ಇಳಕಲ್ ಸೆರಗು (ಶನಿವಾರ, ಮಧ್ಯಾಹ್ನ)

ಅಪ್ಪನಿಗೆ 30 ವರ್ಷದ ಮಾತು ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಅಷ್ಟು ಹೊತ್ತಿಗೆ ನಾನಿರುವುದಿಲ್ಲ, ಹುಡುಗಿ ದೊಡ್ಡವಳಾಗಿರುತ್ತಾಳೆ" ಎಂದರು. ಊಟಕ್ಕೆ ಎದ್ದರು.

ಅಣ್ಣ ಸಿಟ್ಟಾಗಿದ್ದಾನೆ. ನಾವು ಅಕ್ಕನನ್ನು ಮರೆತೆವು ಎಂದ. ಅವ್ವ ಮೊದಲ ಸಲ ದನಿ ಎತ್ತಿದಳು: "ಅವಳ ಹೆಸರು ತೆಗೆದರೆ ಅವನ ಹೆಸರೂ ಬರುತ್ತದೆ. ಹತ್ತು ವರ್ಷ ಕೇಳಿದ್ದೇನೆ. ಇನ್ನು ಹತ್ತು ವರ್ಷ ಕೇಳಲಾರೆ. ನನಗೆ ನನ್ನ ಮಗಳದಷ್ಟೇ ಹೆಸರು ಬೇಕು." ಅವನು ಎದ್ದು ಹೋದ. ಮಾತು ಬಿಟ್ಟಿದ್ದಾನೆ. ಅವನೂ ಅಕ್ಕನ ಜೊತೆ ಬೆಳೆದವನು, ಅವನ ಸಿಟ್ಟು ನನಗೆ ಅರ್ಥವಾಗುತ್ತದೆ.

ಅರ್ಜಿ ಬರೆಸಿದ್ದೇವೆ. ಗುರುವಾರ ಕೊಡಬೇಕು. ಅಪ್ಪನಿಗೆ ಮೊಣಕಾಲು ನೋವು, ನಾನೂ ಹುಡುಗಿಯೂ ಹೋಗುತ್ತೇವೆ.

ಪತ್ತಾರ ಓಣಿ

ಸರ ಸಿಕ್ಕ ಮೇಲೆ ನನಗೆ ತಿಳಿಸಿ. ದಾರ ಬದಲಿಸಿ ಪೋಣಿಸಿ ಕೊಡುತ್ತೇನೆ. ಮಜೂರಿ ಬೇಡ.

ವಕೀಲಿ ಕೋಟು

ಹುಡುಗಿಯ ಆಧಾರ್, ಅಕ್ಕನ ಮರಣ ಪ್ರಮಾಣಪತ್ರ, ವಂಶಾವಳಿ, ಎರಡೂ ತೀರ್ಪುಗಳ ದೃಢೀಕೃತ ಪ್ರತಿ. ಬೋರಮಾಳ ಕೊರಳಲ್ಲಿರುವ ಮದುವೆಯ ಫೋಟೋ ಇದ್ದರೆ ಅದನ್ನೂ ಒಯ್ಯಿರಿ.

ತಿಕೋಟಾ ದ್ರಾಕ್ಷಿ

ಗುರುವಾರ ನನಗೆ ತೋಟದಲ್ಲಿ ಔಷಧಿ ಹೊಡೆಯುವ ಕೆಲಸವಿತ್ತು, ಮಗನಿಗೆ ಹೇಳಿದ್ದೇನೆ. ನಾನು ಬರುತ್ತೇನೆ ತಂಗಿ. ಆ ಕಟ್ಟೆಯ ಮೇಲೆ ಕೂರುವುದು ನನಗೆ ರೂಢಿ ಇದೆ. ಎಷ್ಟು ಗಂಟೆಗೆ?

ಇಳಕಲ್ ಸೆರಗು

ಹತ್ತೂವರೆಗೆ ಕಾಕಾ. ಅವ್ವ ನಿಮಗೂ ಬುತ್ತಿ ಕಟ್ಟುತ್ತೇನೆ ಎಂದಿದ್ದಾಳೆ.